ಅಳಿಯಕಟ್ಟಿನ ತುಳುನಾಡನ್ನು ‘ಪುರುಷಪ್ರಧಾನ’ ಎನ್ನಬಹುದೇ?

ಶಾಂಭವಿ ತೀರ:

ಕರಾವಳಿಯ ಬಗ್ಗೆ ಯಾರೇ ಭಾಷಣ ಮಾಡಲಿ, ಸ್ಮರಣ ಸಂಚಿಕೆಗೆ ಲೇಖನ ಬರೆಯಲಿ, ‘ನಮ್ಮ ತುಳುನಾಡು ಮಾತೃಪ್ರಧಾನ ಸಮಾಜ’ ಎಂಬ ಮಾತು ಬಂದೇ ಬರುತ್ತದೆ. ಹೆಣ್ಣುಮಕ್ಕಳ ತೊಂದರೆಯ ಬಗ್ಗೆ ಯಾರಾದರೂ ಬಾಯಿ ತೆರೆದರೆ ಅವರ ಬಾಯಿ ಮುಚ್ಚಿಸುವುದಕ್ಕೂ ಇದೇ ಮಾತು ಒದಗುತ್ತದೆ: ‘ಪುರುಷಪ್ರಧಾನ ಎಂಬ ದೂರು ಘಟ್ಟದ ಮೇಲಿನವರಿಗೆ, ನಮಗಲ್ಲ.’ ನಾನು ಅಳಿಯಕಟ್ಟಿನ, ಅಂದರೆ ಆಸ್ತಿ ಮಕ್ಕಳಿಗಲ್ಲದೆ ಸೋದರಳಿಯನ ಸಾಲಿಗೆ ಹೋಗುವ ಅಳಿಯಸಂತಾನ ಪದ್ಧತಿಯ ಕುಟುಂಬದವಳು. ಈ ಮಾತನ್ನು ನಾನು ಒಪ್ಪುವುದಿಲ್ಲ.

ಅಳಿಯಸಂತಾನದಲ್ಲಿ ಕುಲ ತಾಯಿಯಿಂದ ಬರುತ್ತದೆ. ಬಂಟರು, ಬಿಲ್ಲವರು, ಮೊಗವೀರರು, ತುಳುನಾಡಿನ ಜೈನರು ಹೀಗೆ ಹಲವು ಸಮುದಾಯಗಳಲ್ಲಿ ಮಗುವಿನ ‘ಬರಿ’, ಅಂದರೆ ಗೋತ್ರದಂಥ ಕುಲದ ಗುರುತು, ತಾಯಿಯದು, ಮಗು ಸೇರುವುದು ತಾಯಿಯ ಮನೆತನಕ್ಕೆ. ಇದು ಸಣ್ಣ ಸಂಗತಿಯೇನಲ್ಲ. ಆದರೆ ಆ ಮನೆತನದ ಯಜಮಾನಿಕೆ ಬಹುಪಾಲು ಯಾರ ಕೈಯಲ್ಲಿತ್ತು? ತಮ್ಮಲೆಯ, ಅಂದರೆ ಸೋದರಮಾವನ ಕೈಯಲ್ಲಿ. ಗೇಣಿಯ ಲೆಕ್ಕ, ಮದುವೆಯ ಮಾತುಕತೆ, ಊರಿನ ನ್ಯಾಯತೀರ್ಮಾನ, ಕೋಲದ ದಿನ ಮನೆತನದ ಪರವಾಗಿ ದೈವದ ಎದುರು ನಿಂತು ಮಾತು ಕೊಡುವುದು, ಎಲ್ಲವೂ ಗಂಡಸರದೇ.

ಈ ಪದ್ಧತಿಯ ಮೂಲವೆಂದು ಹೇಳುವ ಭೂತಾಳಪಾಂಡ್ಯನ ಐತಿಹ್ಯವನ್ನೇ ನೋಡಿ. ದೇವಪಾಂಡ್ಯನ ಹಡಗುಗಳಿಗೆ ಕುಂಡೋದರ ಎಂಬ ಭೂತ ನರಬಲಿ ಕೇಳುತ್ತದೆ. ರಾಜನ ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪುವುದಿಲ್ಲ. ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಮುಂದೊಪ್ಪಿಸುತ್ತಾಳೆ. ಭೂತ ಹುಡುಗನನ್ನು ಕೊಲ್ಲದೆ ಹರಸಿ, ಭೂತಾಳಪಾಂಡ್ಯ ಎಂದು ಹೆಸರಿಡುತ್ತದೆ. ಮುಂದೆ ರಾಜ್ಯ ಮಕ್ಕಳಿಗೆ ತಪ್ಪಿ ಅಳಿಯನಿಗೆ ಹೋಗುತ್ತದೆ. ಕೊಡುವವನು ಮಾವ, ಪಡೆಯುವವನು ಅಳಿಯ. ಹೆತ್ತ ಮಗನನ್ನೇ ಪಣಕ್ಕಿಟ್ಟ ಸತ್ಯವತಿಗೆ ಸಿಂಹಾಸನ ಸಿಗಲಿಲ್ಲ. ಪದ್ಧತಿಯ ಹೆಸರೂ ‘ಅಳಿಯ’ಸಂತಾನ. ಮಗಳ ಹೆಸರಿನಲ್ಲಾಗಲಿ ಸೊಸೆಯ ಹೆಸರಿನಲ್ಲಾಗಲಿ ಅದನ್ನು ಯಾರೂ ಕರೆಯಲಿಲ್ಲ.

ಕುಲ ಯಾರಿಂದ ಬರುತ್ತದೆ ಎಂಬುದು ಒಂದು ಪ್ರಶ್ನೆ. ಮಾತು ಯಾರದು ನಡೆಯುತ್ತದೆ ಎಂಬುದು ಬೇರೆಯೇ ಪ್ರಶ್ನೆ. ‘ಪುರುಷಪ್ರಧಾನ’ ಎಂಬ ಪದ ಎರಡನೆಯದಕ್ಕೆ ಸೇರಿದ್ದು. ನಿಮ್ಮ ಅಭಿಪ್ರಾಯ ಬರೆಯಿರಿ.

ಗುತ್ತಿನ ಮನೆ, ಮುಂಬಯಿ:

ಶಾಂಭವಿಯವರೇ, ನೀವು ಹೇಳಿದ ಐತಿಹ್ಯ ಸರಿ, ಆದರೆ ತೀರ್ಮಾನ ಅವಸರದ್ದಾಯಿತು. ನಾನೂ ಅದೇ ಕಟ್ಟಿನಲ್ಲಿ ಹುಟ್ಟಿದವನು. ನಮ್ಮಲ್ಲಿ ಹೆಣ್ಣು ಹುಟ್ಟಿದರೆ ಮನೆ ಉಳಿಯಿತು ಎನ್ನುತ್ತಿದ್ದರು. ಹೆಣ್ಣು ಸಂತಾನ ಇಲ್ಲದ ಕವಲು ಅಲ್ಲಿಗೇ ಮುಗಿಯಿತು ಎಂದು ಅಜ್ಜಿಯಂದಿರು ಕಣ್ಣೀರು ಹಾಕುತ್ತಿದ್ದರು. ನಾಡಿನ ಉಳಿದ ಕಡೆ ಹೆಣ್ಣು ಹುಟ್ಟಿತೆಂದು ಅಳುತ್ತಿದ್ದಾಗ ನಮ್ಮಲ್ಲಿ ಹುಟ್ಟಲಿಲ್ಲವೆಂದು ಅಳುತ್ತಿದ್ದರು. ಇದು ಲೆಕ್ಕಕ್ಕೆ ಬಾರದೇ?

ಗಂಡ ಸತ್ತವಳ ತಲೆ ಬೋಳಿಸಿ ಮೂಲೆಗೆ ಕೂರಿಸುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಮರುಮದುವೆಗೆ ಅಡ್ಡಿಯೂ ಇರಲಿಲ್ಲ. ಗಂಡನೊಡನೆ ಹೊಂದದಿದ್ದರೆ ಹೆಣ್ಣು ತನ್ನ ಮನೆಗೆ ಮರಳುತ್ತಿದ್ದಳು, ಅಲ್ಲಿ ಅವಳಿಗೆ ಜಾಗ ಇದ್ದೇ ಇತ್ತು. ಯಾರ ದಯೆಯಿಂದಲ್ಲ, ಹಕ್ಕಿನಿಂದ. ಇನ್ನು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಚೌಟ ಮನೆತನದವಳು, ಜೈನಳು. ಅವಳು ಪಟ್ಟಕ್ಕೆ ಬಂದದ್ದೇ ಅಳಿಯಸಂತಾನದ ಬಲದಿಂದ. ಗಂಡ ಮಂಗಳೂರಿನ ಬಂಗ ಅರಸನಾಗಿದ್ದರೂ ಅವಳು ತನ್ನ ನೆಲದಲ್ಲಿ ನಿಂತು ಆಳಿದಳು. ಇಂಥ ನಾಡನ್ನು ಪುರುಷಪ್ರಧಾನ ಎಂದು ಒಂದೇ ಪಟ್ಟಿಗೆ ಸೇರಿಸಿದರೆ ನಮ್ಮ ಅಜ್ಜಿಯಂದಿರಿಗೆ ಅನ್ಯಾಯವಾಗುತ್ತದೆ.

ಕಾನೂನು ಕಟ್ಟೆ, ಉಡುಪಿ:

ಇಬ್ಬರ ಮಾತಿನಲ್ಲೂ ನಿಜವಿದೆ. ದಾಖಲೆಗಳು ಏನು ಹೇಳುತ್ತವೆ ಎಂದು ನೋಡೋಣ.

ಅಳಿಯಸಂತಾನ ಕುಟುಂಬದಲ್ಲಿ ಹಿರಿಯ ಸದಸ್ಯ ಗಂಡಾದರೆ ಯಜಮಾನ, ಹೆಣ್ಣಾದರೆ ಯಜಮಾನ್ತಿ. ಹೆಂಗಸು ಯಜಮಾನ್ತಿ ಆಗುವುದಕ್ಕೆ ಅಡ್ಡಿ ಇರಲಿಲ್ಲ. ಹಾಗಿದ್ದರೂ ಹಳೆಯ ಕಾಗದಪತ್ರ ಬಿಡಿಸಿದರೆ ಆಡಳಿತ ನಡೆಸಿದ್ದು ತಮ್ಮನೋ ಹಿರಿಯ ಮಗನೋ ಎಂಬುದು ಮತ್ತೆ ಮತ್ತೆ ಕಾಣುತ್ತದೆ. ನನ್ನ ಕೈಗೆ ಬಂದ ಒಂದು ಪಾಲುಪಟ್ಟಿಯಲ್ಲಿ ವಂಶಾವಳಿ ಶುರುವಾಗುವುದು ಒಬ್ಬ ಹೆಂಗಸಿನ ಹೆಸರಿನಿಂದ. ಕೆಳಗೆ ಅವಳ ಹೆಣ್ಣುಮಕ್ಕಳು, ಅವರ ಮಕ್ಕಳು. ಗಂಡಸರ ಮಕ್ಕಳು ಪಟ್ಟಿಯಲ್ಲೇ ಇಲ್ಲ. ಆದರೆ ಕೊನೆಯ ಹಾಳೆಯಲ್ಲಿ ಗಂಡಸರೆಲ್ಲ ಮಸಿಯಲ್ಲಿ ರುಜು ಹಾಕಿದ್ದಾರೆ, ಹೆಂಗಸರೆಲ್ಲ ಹೆಬ್ಬೆಟ್ಟು ಒತ್ತಿದ್ದಾರೆ. ಕುಲದ ಬೇರು ಹೆಂಗಸರು, ಪತ್ರ ಓದಿದವರು ಗಂಡಸರು. ಶಾಂಭವಿಯವರು ಹೇಳುತ್ತಿರುವುದು ಇದನ್ನೇ ಎಂದು ನನಗನ್ನಿಸುತ್ತದೆ.

1863ರಲ್ಲಿ ಮದ್ರಾಸ್ ಹೈಕೋರ್ಟ್ ಅಳಿಯಸಂತಾನದ ಕುಟುಂಬವನ್ನು ಯಾರೋ ಒಬ್ಬರು ಬಲವಂತವಾಗಿ ಪಾಲು ಮಾಡಿಸಲಾಗದು ಎಂದಿತು. ಆಗಿನಿಂದ ಯಜಮಾನನ ಹಿಡಿತ ಇನ್ನಷ್ಟು ಬಿಗಿಯಾಯಿತು. ಆಡಳಿತ ಸರಿಯಿಲ್ಲ ಎನ್ನಿಸಿದರೂ ಪಾಲು ಕೇಳಿ ಹೊರಬೀಳುವ ದಾರಿ ಇರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕವರುಗಳಿಗೆ, ಅಂದರೆ ಹೆಣ್ಣಿನ ಕಡೆಯಿಂದ ಬೆಳೆದ ಕುಟುಂಬದ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. ಅಲ್ಲೇ ‘ಸಂತತಿ ಕವರು’ ಮತ್ತು ‘ನಿಸ್ಸಂತತಿ ಕವರು’ ಎಂಬ ವಿಂಗಡಣೆ ಬಂದದ್ದು. ಐವತ್ತು ವರ್ಷ ತುಂಬದ ಒಬ್ಬ ಹೆಂಗಸಾದರೂ ಇದ್ದರೆ ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ. ನಿಸ್ಸಂತತಿ ಕವರಿಗೆ ಪಾಲು ಸಿಕ್ಕರೂ ಅನುಭವಿಸುವುದು ಬದುಕಿರುವಷ್ಟು ಕಾಲ ಮಾತ್ರ. ಗುತ್ತಿನ ಮನೆಯವರು ಹೇಳಿದ ಅಜ್ಜಿಯರ ಕಣ್ಣೀರಿಗೆ ಕಾನೂನಿನ ಪುಟದಲ್ಲೇ ಆಧಾರವಿದೆ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಇಡೀ ದಿಕ್ಕನ್ನೇ ತಿರುಗಿಸಿತು. ಅಳಿಯಸಂತಾನದ ಗಂಡಸು ತೀರಿಕೊಂಡರೆ ಅವನ ಅಂಶ ಅವನ ಹೆಂಡತಿ ಮಕ್ಕಳಿಗೆ ಹೋಗತೊಡಗಿತು. ಹೆಂಡತಿಯರಿಗೆ ಇದರಿಂದ ಒಳ್ಳೆಯದಾಯಿತು. ಅಕ್ಕತಂಗಿಯರ ಕಾಲ ಕೆಳಗಿನ ನೆಲ ಅಷ್ಟಷ್ಟೇ ಸರಿಯಿತು.

ಬಯಲುಸೀಮೆಯವ:

ನಿಮ್ಮ ಕರಾವಳಿಯ ಕವರು, ಬರಿ ನನಗೆ ಹೊಸದು. ಆದರೆ ಒಂದು ಮಾತು ಕೇಳಬೇಕೆನ್ನಿಸುತ್ತದೆ. ಈ ‘ಪುರುಷಪ್ರಧಾನ’ ಎಂಬ ಪದವನ್ನು ಈಗ ಎಲ್ಲದಕ್ಕೂ ಅಂಟಿಸುತ್ತಾರೆ. ನಮ್ಮ ಮನೆಯಲ್ಲಿ ಅಮ್ಮನ ಮಾತು ಮೀರಿ ಹುಲ್ಲುಕಡ್ಡಿಯೂ ಅಲುಗುವುದಿಲ್ಲ. ಬೀಗದ ಕೈ ಗೊಂಚಲು ಅವರ ಸೊಂಟದಲ್ಲಿ. ಅಪ್ಪ ಸಂತೆಗೆ ಹೋಗಲೂ ಅಮ್ಮನಿಂದ ದುಡ್ಡು ಕೇಳಿ ಪಡೆಯುತ್ತಾರೆ. ಅತ್ತೆ ಸೊಸೆಯನ್ನು ಗೋಳಾಡಿಸುವುದು ಎಷ್ಟು ಮನೆಗಳಲ್ಲಿಲ್ಲ? ಅದನ್ನೂ ಗಂಡಸರ ತಲೆಗೇ ಕಟ್ಟುವುದು ನ್ಯಾಯವೇ?

ಮಂಡ್ಯದ ಮಣ್ಣು:

ಬಯಲುಸೀಮೆಯವರೇ, ಅಮ್ಮನ ಸೊಂಟದಲ್ಲಿರುವ ಬೀಗದ ಕೈ ಯಾವ ಮನೆಯದು? ಆ ಮನೆಯ ಖಾತೆ ಯಾರ ಹೆಸರಿನಲ್ಲಿದೆ? ಪಹಣಿಯಲ್ಲಿ ಯಾರ ಹೆಸರಿದೆ? ದಯವಿಟ್ಟು ಒಮ್ಮೆ ನೋಡಿ ಬನ್ನಿ. ಜಗಳಕ್ಕೆ ಕೇಳುತ್ತಿಲ್ಲ, ನನ್ನ ಅತ್ತೆಯವರೂ ಹಾಗೇ ಗತ್ತಿನಿಂದ ಬಾಳಿದವರು. ಮಾವ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅರ್ಜಿ ಹಾಕುವಾಗ ವಂಶವೃಕ್ಷ ಬರೆಸಿದರು. ಗಂಡುಮಕ್ಕಳ ಹೆಸರಷ್ಟೇ ಬರೆದಿದ್ದರು. ಹೆಣ್ಣುಮಕ್ಕಳು ಎಲ್ಲಿ ಎಂದು ಕೇಳಿದ್ದಕ್ಕೆ ‘ಅವರು ಮದುವೆಯಾಗಿ ಹೋದರಲ್ಲ’ ಎಂಬ ಉತ್ತರ ಬಂತು. ಮರವನ್ನೇ ಅರ್ಧ ಕಡಿದು ಅದಕ್ಕೆ ವಂಶವೃಕ್ಷ ಎಂದು ಮೊಹರು ಹಾಕಿಸಲು ಹೊರಟಿದ್ದರು! ಅಷ್ಟು ಗತ್ತಿನ ಅತ್ತೆಯವರಿಗೆ ಅದನ್ನು ತಡೆಯಲು ಆಗಲಿಲ್ಲ. ಅವರಿಗೂ ಅದು ಸರಿಯೆಂದೇ ತೋರಿತ್ತು.

ಅತ್ತೆ ಸೊಸೆಯ ಮಾತಿಗೆ ಬರೋಣ. ಅತ್ತೆಗೆ ಆ ಬಲ ಬರುವುದು ಗಂಡುಮಗನ ತಾಯಿ ಎಂಬ ಕಾರಣಕ್ಕೆ. ಹೆಣ್ಣುಮಕ್ಕಳನ್ನಷ್ಟೇ ಹೆತ್ತವಳಿಗೆ ಆ ಪಟ್ಟ ಎಲ್ಲಿದೆ? 2023ರಲ್ಲಿ ನಮ್ಮ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆಯ ದಂಧೆ ಸಿಕ್ಕಿಬಿತ್ತು. ಬೆಲ್ಲ ಕಾಯಿಸುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ. ಭ್ರೂಣಲಿಂಗ ಪತ್ತೆ ತಡೆ ಕಾಯಿದೆ ಬಂದದ್ದು 1994ರಲ್ಲಿ. ಮೂವತ್ತು ವರ್ಷ ತುಂಬುತ್ತಿರುವಾಗಲೂ ಹೀಗೆ. ಅಂಥ ಕಡೆಗೆ ಸೊಸೆಯನ್ನು ಕರೆದುಕೊಂಡು ಹೋಗುವವರಲ್ಲಿ ಅತ್ತೆಯರೂ ಇದ್ದಾರೆ, ತಾಯಂದಿರೂ ಇದ್ದಾರೆ. ಹೆಂಗಸರು ಕೈ ಜೋಡಿಸಿದರು ಎಂದ ಮಾತ್ರಕ್ಕೆ ಅದು ಪುರುಷಪ್ರಧಾನ ಅಲ್ಲದೆ ಹೋಗುವುದಿಲ್ಲ. ಗಂಡೇ ಬೇಕು ಎಂಬ ಕಟ್ಟಳೆ ಹೆಂಗಸರ ಬಾಯಲ್ಲೂ ಮಾತಾಡುತ್ತದೆ, ಅಷ್ಟೇ. ಈ ಪದ ಬೇಕಾಗಿರುವುದು ಈ ಕಾರಣಕ್ಕೇ. ಕೆಟ್ಟ ಗಂಡಸು ಎಂದು ಒಬ್ಬನನ್ನು ಬೈಯುವುದಕ್ಕೆ ಬೇರೆ ಪದಗಳು ಬೇಕಾದಷ್ಟಿವೆ.

ಹಳೇ ಮೇಷ್ಟ್ರು, ಧಾರವಾಡ:

ಪದಗಳ ಬಗ್ಗೆ ಒಂದಿಷ್ಟು ಹೇಳುತ್ತೇನೆ. ನಮ್ಮ ಪತ್ರಿಕೆಗಳಲ್ಲಿ ‘ಪಿತೃಪ್ರಧಾನ’, ‘ಪುರುಷಪ್ರಧಾನ’, ‘ಪಿತೃಪ್ರಭುತ್ವ’, ‘ಪುರುಷಾಧಿಪತ್ಯ’ ಎಲ್ಲವನ್ನೂ ಒಂದೇ ಅರ್ಥದಲ್ಲಿ ಬಳಸುತ್ತಾರೆ. ಅಲ್ಲಿ ಸ್ವಲ್ಪ ಎಚ್ಚರ ಬೇಕು.

ಪ್ರಾಚೀನ ರೋಮ್‌ನಲ್ಲಿ ಮನೆಯ ಹಿರಿಯ ತಂದೆಗೆ ಕಾನೂನೇ ಎಲ್ಲ ಅಧಿಕಾರ ಕೊಟ್ಟಿತ್ತು. ಮಗ ಎಷ್ಟೇ ದೊಡ್ಡವನಾಗಲಿ, ಹುದ್ದೆಗೇರಲಿ, ತಂದೆ ಇರುವ ತನಕ ತನ್ನದೆಂಬ ಆಸ್ತಿ ಅವನಿಗಿರಲಿಲ್ಲ. ಅದು ಅಕ್ಷರಶಃ ಪಿತೃಪ್ರಭುತ್ವ. ಅಲ್ಲಿ ಗಂಡುಮಕ್ಕಳೂ ಅಧೀನರೇ. ಇನ್ನು ಅಳಿಯಕಟ್ಟಿನ ಮನೆಗೆ ಬನ್ನಿ. ಅಲ್ಲಿ ತಂದೆ ತನ್ನ ಹೆಂಡತಿಯ ಮನೆಯಲ್ಲಿ ನೆಂಟ, ಮಕ್ಕಳ ಮೇಲೆ ಅವನ ಯಜಮಾನಿಕೆ ಕಡಿಮೆ. ಆದ್ದರಿಂದ ಅದನ್ನು ‘ಪಿತೃಪ್ರಧಾನ’ ಎಂದರೆ ತಪ್ಪು. ತಂದೆಯ ಜಾಗದಲ್ಲಿ ಸೋದರಮಾವ ಕುಳಿತಿದ್ದಾನೆ, ಅವನೂ ಗಂಡಸೇ. ಆದ್ದರಿಂದ ‘ಪುರುಷಪ್ರಧಾನ’ ಎಂದರೆ ಸಲ್ಲುತ್ತದೆ. ವಂಶದ ಬಗ್ಗೆ ಹೇಳಬೇಕಾದಾಗ ‘ಮಾತೃಮೂಲೀಯ’ ಎನ್ನಿ. ‘ಮಾತೃಪ್ರಧಾನ’ ಎಂಬುದನ್ನು ತಾಯಂದಿರೇ ಆಳುವ ಸಮಾಜ ಸಿಕ್ಕಿದಾಗ ಬಳಸೋಣ. ಮಾತೃಮೂಲೀಯವೂ ಪುರುಷಪ್ರಧಾನವೂ ಒಂದೇ ಮನೆಯಲ್ಲಿ ಒಟ್ಟಿಗೆ ಇರಬಲ್ಲವು. ತುಳುನಾಡಿನ ಉದಾಹರಣೆ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ.

ಶಿಲ್ಲಾಂಗ್ ಕನ್ನಡಿಗ:

ಮೇಷ್ಟ್ರ ಮಾತಿಗೆ ಇಲ್ಲಿಂದ ಒಂದು ಸಾಕ್ಷಿ. ಕೆಲಸದ ನಿಮಿತ್ತ ಮೇಘಾಲಯದಲ್ಲಿದ್ದೇನೆ. ಖಾಸಿ ಜನರಲ್ಲಿ ಕುಲ ತಾಯಿಯದು, ಮನೆ ಕಿರಿಯ ಮಗಳಿಗೆ. ಆದರೆ ಮನೆಯ ದೊಡ್ಡ ತೀರ್ಮಾನಗಳಲ್ಲಿ ತಾಯಿಯ ಅಣ್ಣತಮ್ಮಂದಿರ ಮಾತಿಗೆ ತೂಕ. ಊರಿನ ದರ್ಬಾರ್ ಸಂಪ್ರದಾಯದಂತೆ ಗಂಡಸರ ಸಭೆ. ಇಲ್ಲಿನ ಗೆಳೆಯರು ತುಳುನಾಡಿನ ಕಥೆ ಕೇಳಿದಾಗ ಸೋದರಮಾವನ ವಿಷಯ ಬರುತ್ತಿದ್ದಂತೆ ತಲೆದೂಗಿದರು.

ಗುತ್ತಿನ ಮನೆ, ಮುಂಬಯಿ:

ಮೇಷ್ಟ್ರೇ, ‘ಮಾತೃಮೂಲೀಯ’ ಎಂಬುದನ್ನು ಒಪ್ಪುತ್ತೇನೆ. ಆದರೂ ‘ಪುರುಷಪ್ರಧಾನ’ ಎಂದ ಕೂಡಲೇ ಎಲ್ಲ ಸಮಾಜಗಳೂ ಒಂದೇ ಎಂಬ ಭಾವನೆ ಬರುತ್ತದಲ್ಲ, ನನ್ನ ತಕರಾರು ಅದರ ಬಗ್ಗೆ. ಗಂಡನ ಚಿತೆಯ ಬೂದಿ ಆರುವ ಮೊದಲೇ ಹೆಣ್ಣನ್ನು ಅನಾಥಳನ್ನಾಗಿ ಮಾಡುವ ವ್ಯವಸ್ಥೆಗೂ, ಅವಳಿಗೆ ಮರಳಲು ಒಂದು ಮನೆಯನ್ನು ಹಕ್ಕಾಗಿ ಕೊಟ್ಟ ವ್ಯವಸ್ಥೆಗೂ ಅಜಗಜಾಂತರವಿದೆ. ಆ ಅಂತರವನ್ನು ಅಳಿಸುವ ಪದವನ್ನು ನಾನು ಒಪ್ಪಲಾರೆ.

ಶಾಂಭವಿ ತೀರ:

ಗುತ್ತಿನ ಮನೆಯವರೇ, ಆ ಅಂತರ ಅಳಿಯಬಾರದು ಎಂಬುದರಲ್ಲಿ ನಮ್ಮಿಬ್ಬರಿಗೂ ಭೇದವಿಲ್ಲ. ಮರಳಲು ಮನೆಯಿದೆ ಎಂಬ ಧೈರ್ಯ ಎಷ್ಟು ದೊಡ್ಡದು ಎಂಬುದು ಆ ಧೈರ್ಯವಿಲ್ಲದೆ ಬಾಳಿದವರಿಗೇ ಗೊತ್ತು. ಗಂಡ ಹೊಡೆದರೂ ‘ಎಲ್ಲಿಗೆ ಹೋಗಲಿ’ ಎಂದು ಕುಸಿದು ಕೂರುವ ಹೆಣ್ಣಿಗೂ, ಮಗುವನ್ನು ಸೊಂಟಕ್ಕೇರಿಸಿಕೊಂಡು ಹೊರಟುಬಿಡುವ ಹೆಣ್ಣಿಗೂ ನಡುವೆ ಇರುವುದು ಅದೊಂದೇ. ಆದರೆ ಅದೇ ಪದ್ಧತಿಯಲ್ಲಿ ಗಂಡ ಸತ್ತಾಗ ಅವಳು ಬಾಳಿ ಬೆಳಗಿದ ಮನೆಯನ್ನು ಸಾಮಾನ್ಯವಾಗಿ ಬಿಟ್ಟು ಬರಬೇಕಿತ್ತು ಎಂಬುದೂ ನಿಮಗೆ ಗೊತ್ತಿದೆ. ಆ ಮನೆ ಗಂಡನ ಅಕ್ಕತಂಗಿಯರ ಮಕ್ಕಳದು. ಬದುಕಿಡೀ ಗೇದ ಗದ್ದೆ ಅವಳದಲ್ಲ, ಮರಳಿ ಬಂದ ತವರಿನಲ್ಲಿ ಜಾಗವುಂಟು, ಕೈಯಲ್ಲಿ ಆಡಳಿತವಿಲ್ಲ. ಆಸರೆ ಇತ್ತು, ಅಧಿಕಾರ ಇರಲಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು ಎಂಬುದಷ್ಟೇ ನನ್ನ ಹಟ.

ಅಬ್ಬಕ್ಕನ ಹೆಸರು ಬಂತು. ಅವಳ ಬಗ್ಗೆ ನನಗಿರುವ ಅಭಿಮಾನ ಯಾರಿಗೂ ಕಡಿಮೆಯಿಲ್ಲ. ಆದರೆ ಒಬ್ಬ ರಾಣಿ ಆಳಿದಳೆಂದು ಆ ನಾಡಿನ ಒಕ್ಕಲು ಹೆಣ್ಣಿನ ಕೈಗೆ ಗೇಣಿ ಚೀಟಿ ಬಂದಿತೇ?

ಈಗಿನ ಸ್ಥಿತಿ ನನ್ನನ್ನು ಹೆಚ್ಚು ಕಾಡುತ್ತದೆ. ಹಳೆಯ ಕಟ್ಟು ಹೋಯಿತು, ತಾಯಿಯ ‘ಬರಿ’ ಎಂಬುದು ಮದುವೆಯ ಮಾತುಕತೆಗೆ, ದೈವಕಾರ್ಯಕ್ಕೆ ಉಳಿಯಿತು. ಘಟ್ಟದ ಮೇಲಿನಂತೆ ನಮ್ಮಲ್ಲೂ ವರದಕ್ಷಿಣೆ ಬೇರೂರಿತು, ಹೋಟೆಲು ಉದ್ಯಮದ ಹಣದೊಂದಿಗೆ ಮದುವೆಯ ಆಡಂಬರ ಬೆಳೆಯಿತು. ಅಕ್ಕತಂಗಿಯರನ್ನು ಉಪನೋಂದಣಾಧಿಕಾರಿ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸುವುದು ನಮ್ಮಲ್ಲೂ ಮಾಮೂಲಾಗಿದೆ. ಅಣ್ಣ ಸೀರೆ ಉಡುಗೊರೆ ಕೊಡುತ್ತಾನೆ, ಊಟ ಹಾಕಿಸುತ್ತಾನೆ. ‘ತವರಿನ ಬಾಗಿಲು ತೆರೆದಿರಲಿ’ ಎಂದು ತಂಗಿ ರುಜು ಹಾಕುತ್ತಾಳೆ. ಯಾವ ಬಾಗಿಲು ಅವಳಿಗೆ ಹಕ್ಕಾಗಿತ್ತೋ ಅದನ್ನು ತೆರೆಸಿಕೊಳ್ಳಲು ಅವಳು ಪಾಲನ್ನೇ ಕೊಡಬೇಕಾಗಿದೆ. ಇಷ್ಟಾಗಿಯೂ ವೇದಿಕೆಯ ಮೇಲೆ ‘ಮಾತೃಪ್ರಧಾನ’ ಎಂಬ ಹಾರ ನಮ್ಮ ಕೊರಳಿಗೆ ಬೀಳುತ್ತದೆ.

ಬೀಡಿ ಬುಟ್ಟಿ, ಪುತ್ತೂರು:

ನಮ್ಮ ಅಮ್ಮ, ಚಿಕ್ಕಮ್ಮ ಎಲ್ಲರೂ ಬೀಡಿ ಕಟ್ಟಿದವರು. ಮಡಿಲಲ್ಲಿ ಮೊರ, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ರಾತ್ರಿ ಹತ್ತಾದರೂ ಮುಗಿಯದ ಕೆಲಸ. ಶನಿವಾರ ಬ್ರಾಂಚಿಗೆ ಕೊಟ್ಟು ಬಂದ ದುಡ್ಡಿನಿಂದ ನಮ್ಮ ಶಾಲೆಯ ಫೀಸು, ಅಕ್ಕನ ಕಿವಿಯೋಲೆ, ಮನೆಯ ಹಂಚು. ದುಡಿಮೆ ಅವರದೇ ಆಗಿದ್ದರಿಂದ ಅವರ ಮಾತಿಗೆ ಮನೆಯಲ್ಲಿ ಬೆಲೆಯಿತ್ತು, ಅದು ನಿಜ. ಆದರೆ ಜಾಗ ಕೊಳ್ಳುವಾಗ ಪತ್ರ ಅಪ್ಪನ ಹೆಸರಿಗೇ ಆಯಿತು. ಯಾರೂ ಮೋಸ ಮಾಡಲಿಲ್ಲ. ಬೇರೆ ರೀತಿ ಆಗಬಹುದು ಎಂದು ಯಾರಿಗೂ ಹೊಳೆಯಲೇ ಇಲ್ಲ. ಹೊಳೆಯದಂತೆ ಮಾಡುವುದನ್ನೇ ನಾನು ಪುರುಷಪ್ರಧಾನ ಎನ್ನುತ್ತೇನೆ.

ಬಯಲುಸೀಮೆಯವ:

ಪಹಣಿ ನೋಡಿ ಬಂದೆ. ಅಪ್ಪನ ಹೆಸರಿದೆ, ಅಜ್ಜನ ಹೆಸರು ಇನ್ನೂ ಒಂದು ಸರ್ವೆ ನಂಬರಿನಲ್ಲಿದೆ. ಅಮ್ಮನ ಹೆಸರು ಇರುವುದು ಪಡಿತರ ಚೀಟಿಯಲ್ಲಿ ಮಾತ್ರ, ಅಲ್ಲಿ ಅವರು ಕುಟುಂಬದ ಮುಖ್ಯಸ್ಥೆ. ಇದಕ್ಕೆ ಅರ್ಥವಿದೆಯೇ?

ಮಂಡ್ಯದ ಮಣ್ಣು:

ಖಂಡಿತ ಇದೆ. 2013ರ ಆಹಾರ ಭದ್ರತಾ ಕಾಯಿದೆ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಮಹಿಳೆಯನ್ನೇ ಮುಖ್ಯಸ್ಥೆ ಎಂದು ಬರೆಯಬೇಕೆಂದಿತು. ನಮ್ಮ ರಾಜ್ಯದಲ್ಲಿ 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ‘ಯಜಮಾನಿ’ಯ ಖಾತೆಗೆ ಬೀಳುವುದು ಆ ಹೆಸರಿನ ಆಧಾರದಿಂದಲೇ. ನಮ್ಮೂರಿನಲ್ಲಿ ‘ಯಜಮಾನರು’ ಎಂದರೆ ಗಂಡ ಎಂದೇ ಅರ್ಥ. ಬ್ಯಾಂಕಿನ ಸಾಲಿನಲ್ಲಿ ನಿಂತ ಹೆಂಗಸರು ಈಗ ‘ಯಜಮಾನಿ ನಾನೇ’ ಎನ್ನುವುದನ್ನು ಕೇಳಿದಾಗ ನನಗೆ ನಿಜವಾಗಿಯೂ ಸಂತೋಷವಾಗುತ್ತದೆ. ಅಕ್ಕಿಯ ಚೀಟಿಯಲ್ಲಿ ಇರುವ ಹೆಸರು ನೆಲದ ಚೀಟಿಗೂ ಬರಲಿ. ನಿಮ್ಮಲ್ಲಿ ಅಕ್ಕತಂಗಿಯರಿದ್ದರೆ ಪೌತಿ ಖಾತೆಯ ಸಮಯದಲ್ಲಿ ಅವರ ಹೆಸರು ಬಿಡಬೇಡಿ.

ಬಯಲುಸೀಮೆಯವ:

ಇಬ್ಬರು ಅಕ್ಕಂದಿರಿದ್ದಾರೆ. ಒಬ್ಬರ ಮದುವೆ 1990ರಲ್ಲೇ ಆಗಿದೆ. ಅವರಿಗೂ ಹಕ್ಕಿದೆಯೇ?

ಕಾನೂನು ಕಟ್ಟೆ, ಉಡುಪಿ:

ಇದೆ. ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಜಾರಿಗೆ ಬಂದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತಾದರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದ ಮಾಡಲಿಲ್ಲ. ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಪಾಲಾಗಿದ್ದರೆ ಮಾತ್ರ ಅದನ್ನು ಕೆದಕುವಂತಿಲ್ಲ.

ಇಷ್ಟಾದರೂ ಅದೇ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ 15ನೆಯ ಕಲಂ ಹಾಗೇ ಕುಳಿತಿದೆ. ಈ ಚರ್ಚೆಯ ಪದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮಕ್ಕಳಿಲ್ಲದ ವಿಧವೆ ಉಯಿಲು ಬರೆಯದೆ ತೀರಿಕೊಂಡರೆ ಅವಳು ಸ್ವಂತ ದುಡಿದ ಆಸ್ತಿ ಮೊದಲು ಹೋಗುವುದು ಗಂಡನ ವಾರಸುದಾರರಿಗೆ. ಹೆತ್ತ ತಂದೆ ತಾಯಿಯ ಸರದಿ ಆಮೇಲೆ. 2009ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಪ್ರಕರಣದಲ್ಲಿ ಮದುವೆಯಾದ ಮೂರು ತಿಂಗಳಲ್ಲೇ ಗಂಡನನ್ನು ಕಳೆದುಕೊಂಡು, ಗಂಡನ ಮನೆಯವರಿಂದ ಹೊರದಬ್ಬಿಸಿಕೊಂಡು, ತವರಿನ ಆಸರೆಯಲ್ಲಿ ಓದಿ ನೌಕರಿ ಹಿಡಿದ ಹೆಣ್ಣೊಬ್ಬಳ ಉಳಿತಾಯದ ಹಣ ಅವಳ ತಾಯಿಗೆ ಸಿಗಲಿಲ್ಲ. ಗಂಡನ ಸೋದರಿಯ ಮಕ್ಕಳಿಗೆ ಹೋಯಿತು. ಸಹಾನುಭೂತಿಯ ಮೇಲೆ ತೀರ್ಪು ಕೊಡಲಾಗದು, ಕಲಂ ಹೀಗಿದೆ ಎಂಬುದು ನ್ಯಾಯಾಲಯದ ನಿಲುವು. ಗಂಡಸು ಹಾಗೆ ತೀರಿಕೊಂಡರೆ ಅವನ ಆಸ್ತಿ ಎಂದಿಗೂ ಹೆಂಡತಿಯ ತವರಿನವರಿಗೆ ಹೋಗುವುದಿಲ್ಲ.

ಅಳಿಯಸಂತಾನಕ್ಕೆ ಸೇರಿದವರಿಗೆ 17ನೆಯ ಕಲಂ ಬೇರೆ ಕ್ರಮ ಇಟ್ಟಿದೆ. ಅಲ್ಲಿ ಹೆಂಗಸಿನ ಆಸ್ತಿ ಮೊದಲು ಮಕ್ಕಳಿಗೆ ಮತ್ತು ತಾಯಿಗೆ. ತಂದೆ ಮತ್ತು ಗಂಡ ಎರಡನೆಯ ಸಾಲಿನಲ್ಲಿ. ಗಂಡನ ವಾರಸುದಾರರು ಕಟ್ಟಕಡೆಗೆ. ಗುತ್ತಿನ ಮನೆಯವರು ಹೆಮ್ಮೆ ಪಡಲು ಕಾರಣವಿದೆ.

ಬೀಡಿ ಬುಟ್ಟಿ, ಪುತ್ತೂರು:

ಸರ್, ನನ್ನ ಗೆಳತಿಯೊಬ್ಬಳು ಶಿಕ್ಷಕಿ. ಗಂಡ ಇಲ್ಲ, ಮಕ್ಕಳಿಲ್ಲ, ವಯಸ್ಸಾದ ತಾಯಿ ಜೊತೆಗಿದ್ದಾರೆ. ಅಳಿಯಕಟ್ಟಿನವಳಲ್ಲ. ಅವಳು ಏನು ಮಾಡಬೇಕು?

ಕಾನೂನು ಕಟ್ಟೆ, ಉಡುಪಿ:

ಉಯಿಲು ಬರೆದಿಡಲು ಹೇಳಿ, ಈ ವಾರವೇ. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ಕನ್ನಡದಲ್ಲೇ ಬರೆಯಬಹುದು. ಮನೆ, ಬ್ಯಾಂಕ್ ಠೇವಣಿ, ಭವಿಷ್ಯನಿಧಿ, ಚಿನ್ನ ಯಾವುದು ಯಾರಿಗೆ ಎಂದು ಸ್ಪಷ್ಟವಾಗಿರಲಿ. ತಾಯಿ ಮೊದಲೇ ತೀರಿಕೊಂಡರೆ ಮುಂದೆ ಯಾರಿಗೆ ಎಂಬುದನ್ನೂ ಸೇರಿಸಲಿ. ಇಬ್ಬರು ಸಾಕ್ಷಿಗಳ ಎದುರು ರುಜು ಹಾಕಬೇಕು, ಅವರೂ ರುಜು ಹಾಕಬೇಕು. ಆಸ್ತಿ ಪಡೆಯುವವರು ಸಾಕ್ಷಿಗಳಾಗದಿದ್ದರೆ ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಮುಂದೆ ತಕರಾರು ಎದುರಿಸಲು ಸುಲಭ. ಬ್ಯಾಂಕಿನಲ್ಲಿ ನಾಮಿನಿ ಹೆಸರು ಕೊಟ್ಟಿದ್ದೇನೆ ಎಂದು ಸುಮ್ಮನಿರುವುದು ಬೇಡ, ನಾಮಿನಿ ಹಣ ಪಡೆಯಬಹುದೇ ಹೊರತು ಅಷ್ಟರಿಂದಲೇ ವಾರಸುದಾರರಾಗುವುದಿಲ್ಲ.